ಸ್ವರಕ್ಕೊಂದು ನೆರಳು: ಆಕ್ಟೇವ್ ಪೆಡಲ್ಲಿನ ಕತೆ

ಭಜನೆಯಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಹಾಡುವುದನ್ನು ನೀವೆಲ್ಲ ಕೇಳಿರುತ್ತೀರಿ. ಎಲ್ಲರೂ ಒಂದೇ ಸ್ವರ ಹಾಡುತ್ತಿದ್ದೇವೆ ಅಂದುಕೊಂಡೇ ಹಾಡುತ್ತಿರುತ್ತಾರೆ. ನಿಜ ಹೇಳಬೇಕೆಂದರೆ ಸಾಮಾನ್ಯವಾಗಿ ಹೆಂಗಸರ ಸ್ವರ ಒಂದು ಸ್ಥಾಯಿ ಮೇಲಿರುತ್ತದೆ. ಆದರೂ ಯಾರಿಗೂ ಶ್ರುತಿ ತಪ್ಪಿದೆ ಅನ್ನಿಸುವುದಿಲ್ಲ. ಕೆಳಗಿನ ಷಡ್ಜ, ಮೇಲಿನ ಷಡ್ಜ ಎರಡನ್ನೂ ನಮ್ಮ ಕಿವಿ ಒಂದೇ ಮನೆಯವರು ಅಂತ ಒಪ್ಪಿಕೊಂಡುಬಿಟ್ಟಿದೆ.

ಇದರ ಲೆಕ್ಕ ಬಹಳ ಸುಲಭ. ಸೆಕೆಂಡಿಗೆ 220 ಸಲ ಕಂಪಿಸುವ ತಂತಿಯನ್ನು ನೀವು ಷಡ್ಜ ಅಂದರೆ, 440 ಸಲ ಕಂಪಿಸುವುದು ಮೇಲಿನ ಷಡ್ಜ, 110 ಸಲ ಕಂಪಿಸುವುದು ಕೆಳಗಿನ ಷಡ್ಜ. ದುಪ್ಪಟ್ಟು ಮಾಡಿದರೆ ಒಂದು ಸ್ಥಾಯಿ ಮೇಲೆ, ಅರ್ಧ ಮಾಡಿದರೆ ಒಂದು ಸ್ಥಾಯಿ ಕೆಳಗೆ, ಅಷ್ಟೇ. ನಾವು ಏಳು ಸ್ವರ ಎಣಿಸಿ ಸಪ್ತಕ ಅಂದೆವು. ಪಶ್ಚಿಮದವರು ತಿರುಗಿ ಬರುವ ಷಡ್ಜವನ್ನೂ ಸೇರಿಸಿ ಎಂಟು ಎಣಿಸಿ ಆಕ್ಟೇವ್ ಅಂದರು.

ಇವತ್ತು ಬರೆಯಲು ಹೊರಟಿರುವುದು ಎಲೆಕ್ಟ್ರಿಕ್ ಗಿಟಾರಿನ ಕಾಲ ಬುಡದಲ್ಲಿ ಕೂರುವ ಒಂದು ಸಣ್ಣ ಡಬ್ಬಿಯ ಬಗ್ಗೆ. ಆಕ್ಟೇವ್ ಪೆಡಲ್ ಅಂತ ಅದರ ಹೆಸರು. ನೀವು ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಮೇಲಿನದನ್ನೋ ಕೆಳಗಿನದನ್ನೋ ಜೋಡಿಸಿ ಕೊಡುವುದು ಅದರ ಕೆಲಸ. ಕೇಳೋಕೆ ಇಷ್ಟೇನಾ ಅನ್ನಿಸಬಹುದು. ಆದರೆ ಇದರ ಹಿಂದೆ ನೌಕಾಪಡೆ ಇದೆ, ವಿಯೆಟ್ನಾಂ ಇದೆ, ಫುಟ್‌ಬಾಲ್ ಇದೆ, ನಮ್ಮ ಮನೆಯ ಬ್ಯಾಟರಿ ಎಲಿಮಿನೇಟರ್ ಕೂಡ ಇದೆ :)

*

ಮೊದಲು ಪೆಡಲ್ ಇಲ್ಲದ ಕಾಲದ ಮಾತು. ಒಂದು ಸ್ವರದ ಜೊತೆ ಅದರ ಸ್ಥಾಯಿಯನ್ನೂ ಕೇಳಿಸಬೇಕು ಅನ್ನುವ ಆಸೆ ಹೊಸದೇನಲ್ಲ. ನಮ್ಮ ಹಾರ್ಮೋನಿಯಂ ನೋಡಿ. ಒಳ್ಳೆಯ ಪೆಟ್ಟಿಗೆಗಳಲ್ಲಿ ಕಪ್ಲರ್ ಅಂತ ಒಂದಿರುತ್ತದೆ. ಅದನ್ನು ಹಾಕಿದರೆ ಒಂದು ಮನೆ ಒತ್ತಿದಾಗ ಒಂದು ಸ್ಥಾಯಿ ಆಚೆಯ ಮನೆಯೂ ತಾನಾಗಿ ಕೆಳಗಿಳಿಯುತ್ತದೆ. ಮೈಕಿಲ್ಲದ ದೊಡ್ಡ ಸಭೆಗೂ ಕೇಳಿಸುವಷ್ಟು ತುಂಬಿದ ನಾದ ಅದರಿಂದ ಬರುತ್ತದೆ. ತಂಬೂರಿಯಲ್ಲೂ ನಡುವಿನ ಎರಡು ತಂತಿಗಳ ಷಡ್ಜಕ್ಕೆ ಕೊನೆಯ ತಂತಿಯ ಮಂದ್ರ ಷಡ್ಜ ಜೊತೆಯಾಗುತ್ತದೆ.

ಗಿಟಾರಿನವರೂ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಹನ್ನೆರಡು ತಂತಿಯ ಗಿಟಾರಿನಲ್ಲಿ ಕೆಳಸ್ಥಾಯಿಯ ನಾಲ್ಕು ಜೋಡಿಗಳಲ್ಲಿ ಒಂದೊಂದು ತಂತಿಯನ್ನು ಒಂದು ಸ್ಥಾಯಿ ಮೇಲೆ ಶ್ರುತಿ ಮಾಡಿರುತ್ತಾರೆ. ಇಂಡಿಯಾನಾಪೊಲಿಸ್‌ನ ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮೆರಿಗೆ ಆ ಹೆಚ್ಚಿನ ತಂತಿಯೂ ಬೇಕಿರಲಿಲ್ಲ. ಎರಡು ತಂತಿಗಳ ಮೇಲೆ ಎರಡು ಬೆರಳು, ನಡುವಿನ ತಂತಿಯನ್ನು ಮೆತ್ತಗೆ ಮುಟ್ಟಿ ಸುಮ್ಮನಾಗಿಸುವುದು, ಹೆಬ್ಬೆರಳಿಂದ ಮೀಟುವುದು. ಹೀಗೆ ಇಡೀ ರಾಗವನ್ನೇ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುತ್ತಿದ್ದ. ಅದೂ ಓಡುವ ವೇಗದಲ್ಲಿ. 1960ರಲ್ಲಿ ಬಂದ ಅವನ ಆಲ್ಬಂ ಕೇಳಿ ಎಷ್ಟು ಜನ ಗಿಟಾರಿಸ್ಟರು ತಮ್ಮ ಬೆರಳು ನೋಡಿಕೊಂಡರೋ.

ಇನ್ನೊಬ್ಬ ಲೆಸ್ ಪಾಲ್. ಅವನು ಕೈ ಹಾಕಿದ್ದು ರೆಕಾರ್ಡಿಂಗ್ ಯಂತ್ರಕ್ಕೆ. ಅರ್ಧ ವೇಗದಲ್ಲಿ ಮುದ್ರಿಸಿದ್ದನ್ನು ಪೂರ್ಣ ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ, ಲಯವೂ ದುಪ್ಪಟ್ಟಾಗುತ್ತದೆ. 1948ರ 'ಲವರ್' ಧ್ವನಿಮುದ್ರಿಕೆಯಲ್ಲಿ ಎಲ್ಲ ಗಿಟಾರುಗಳೂ ಅವನೇ. ಕೆಲವು ಕಡೆ ಗಿಟಾರು ದುಂಬಿಯ ಹಾಗೆ ಗುಂಯ್ಗುಡುತ್ತದೆ. ಅದು ಈ ವೇಗದ ಆಟ.

ಆದರೆ ಲೆಸ್ ಪಾಲ್‌ನ ಉಪಾಯಕ್ಕೆ ಒಂದು ಮಿತಿ ಇತ್ತು. ಅದು ನಡೆಯುವುದು ಸ್ಟುಡಿಯೋದಲ್ಲಿ ಮಾತ್ರ. ವೇದಿಕೆಯ ಮೇಲೆ, ಜನರೆದುರು, ಆ ಕ್ಷಣದಲ್ಲೇ ಸ್ವರವನ್ನು ಮೇಲೇರಿಸುವುದು ಹೇಗೆ?

*

ಇಲ್ಲಿ ರೋಜರ್ ಮೇಯರ್ ಬರುತ್ತಾನೆ. ಇಂಗ್ಲೆಂಡಿನವನು. ಅರವತ್ತರ ದಶಕದಲ್ಲಿ ಅವನ ಕೆಲಸ ಬ್ರಿಟಿಷ್ ನೌಕಾಪಡೆಯ ಸಂಶೋಧನಾ ವಿಭಾಗದಲ್ಲಿ. ಸದ್ದು ಮತ್ತು ಕಂಪನಗಳ ವಿಶ್ಲೇಷಣೆ, ಅದರಲ್ಲೂ ನೀರಿನಡಿಯ ಯುದ್ಧಕ್ಕೆ ಸಂಬಂಧಿಸಿದ್ದು. ಜಲಾಂತರ್ಗಾಮಿಯ ಬದುಕು ಸಾವು ಎರಡೂ ಸದ್ದಿನ ಮೇಲೆ ನಿಂತಿರುತ್ತದೆ ಅನ್ನುವುದು ನಿಮಗೂ ಗೊತ್ತು. ತನ್ನ ಸದ್ದು ಹೊರಗೆ ಕೇಳಬಾರದು, ಶತ್ರುವಿನ ಸದ್ದು ತನಗೆ ಕೇಳಬೇಕು. ಹಾಗಾಗಿ ಒಂದು ಸದ್ದಿನೊಳಗೆ ಏನೇನು ಸೇರಿಕೊಂಡಿದೆ ಅಂತ ಬಿಡಿಸಿ ನೋಡುವುದೇ ಅಲ್ಲಿನವರ ದಿನದ ಕೆಲಸ.

ಆಫೀಸು ಮುಗಿದ ಮೇಲೆ ಮೇಯರ್‌ಗೆ ಇನ್ನೊಂದು ಲೋಕ. ಊರಿನ ಕಡೆಯ ಗೆಳೆಯರಾದ ಜಿಮ್ಮಿ ಪೇಜ್, ಜೆಫ್ ಬೆಕ್ ಇಬ್ಬರೂ ಗಿಟಾರಿನ ಹುಡುಗರು. ಅವರಿಗೆ ಫಝ್ ಪೆಡಲ್ ಮಾಡಿಕೊಡುತ್ತಿದ್ದ. 1967ರ ಆರಂಭದಲ್ಲಿ ಲಂಡನ್ನಿನ ಕ್ಲಬ್ಬಿನಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ಗಿಟಾರಿಸ್ಟ್‌ನನ್ನು ಕೇಳಿದ. 1966ರ ಸೆಪ್ಟೆಂಬರಿನಲ್ಲಷ್ಟೇ ಲಂಡನ್ನಿಗೆ ಬಂದಿಳಿದಿದ್ದ ಜಿಮಿ ಹೆಂಡ್ರಿಕ್ಸ್ ಅವನು. ಮೇಯರ್ ತಾನು ಮಾಡುತ್ತಿದ್ದ ಹೊಸ ಸಾಧನವನ್ನು ಅವನಿಗೆ ತೋರಿಸಿದ. ಮುಂದೆ ಅದಕ್ಕೆ ಆಕ್ಟೇವಿಯಾ ಅಂತ ಹೆಸರಾಯಿತು.

ಹೆಂಡ್ರಿಕ್ಸ್ ಬಹಳ ಯೋಚನೆ ಮಾಡಿದಂತೆ ಕಾಣುವುದಿಲ್ಲ. ಆ ಫೆಬ್ರವರಿಯಲ್ಲೇ ಒಲಿಂಪಿಕ್ ಸ್ಟುಡಿಯೋದಲ್ಲಿ 'ಪರ್ಪಲ್ ಹೇಝ್' ಹಾಡಿಗೆ ಅದನ್ನು ಬಳಸಿದ. ಹಾಡು ಮಾರ್ಚ್ 1967ರಲ್ಲಿ ಬಿಡುಗಡೆಯಾಯಿತು. ಅದರ ಸೋಲೋ ಕೇಳಿ. ಗಿಟಾರಿನ ಮೇಲೆ ಯಾರೋ ತೆಳ್ಳಗಿನ ಗಾಜಿನ ಗಿಟಾರು ಇಟ್ಟು ಅದೇ ಸ್ವರ ನುಡಿಸಿದ ಹಾಗಿದೆ. ಕೆಲವು ಕಡೆ ಇದು ಸಿತಾರೋ ಗಿಟಾರೋ ಅಂತ ಅನುಮಾನ ಬರುತ್ತದೆ. ಆಕ್ಟೇವ್ ಪೆಡಲ್ ಅನ್ನುವುದು ಜಗತ್ತಿನ ಕಿವಿಗೆ ಬಿದ್ದದ್ದು ಹೀಗೆ.

*

ಇದು ಕೆಲಸ ಮಾಡುವುದು ಹೇಗೆ? ಸರ್ಕ್ಯೂಟು ಅಂದ ತಕ್ಷಣ ಪುಟ ಮುಚ್ಚಬೇಡಿ, ಉಯ್ಯಾಲೆಯ ಲೆಕ್ಕ ಇದು.

ತಂತಿ ಕಂಪಿಸುವುದೆಂದರೆ ಉಯ್ಯಾಲೆ ಆಡಿದ ಹಾಗೆ. ಮುಂದೆ ಒಮ್ಮೆ, ಹಿಂದೆ ಒಮ್ಮೆ, ಒಂದು ಸುತ್ತು. ಈಗ ಹಿಂದಕ್ಕೆ ಹೋಗುವ ಅರ್ಧವನ್ನು ಮಡಚಿ ಮುಂದಕ್ಕೇ ತಿರುಗಿಸಿದಿರಿ ಅಂತಿಟ್ಟುಕೊಳ್ಳಿ. ಮೊದಲು ಒಂದು ಸುತ್ತಿನಲ್ಲಿ ಒಂದು ಸಲ ಮುಂದೆ ಬರುತ್ತಿದ್ದ ಉಯ್ಯಾಲೆ ಈಗ ಎರಡು ಸಲ ಬರುತ್ತದೆ. ಎಣಿಕೆ ದುಪ್ಪಟ್ಟಾಯಿತಲ್ಲ? ಅಂದರೆ ಒಂದು ಸ್ಥಾಯಿ ಮೇಲಾಯಿತು.

ವಿದ್ಯುತ್ತಿನಲ್ಲಿ ಈ ಮಡಚುವ ಕೆಲಸ ಮಾಡುವುದು ಡಯೋಡು. ಫುಲ್ ವೇವ್ ರೆಕ್ಟಿಫೈಯರ್ ಅಂತ ಪಿಯುಸಿಯಲ್ಲಿ ಓದಿದ ನೆನಪಿದೆಯಾ? ಅದೇ. ಹಳೆಯ ರೇಡಿಯೋಗೆ ಬಳಸುತ್ತಿದ್ದ ಬ್ಯಾಟರಿ ಎಲಿಮಿನೇಟರ್ ಬಿಚ್ಚಿದರೆ ಒಳಗೆ ಒಂದು ಟ್ರಾನ್ಸ್‌ಫಾರ್ಮರು, ಎರಡೋ ನಾಲ್ಕೋ ಡಯೋಡು ಕಾಣುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್. ಈ ಡಯೋಡುಗಳನ್ನು ದಾಟಿದ ಮೇಲೆ ಅದರ ಏರಿಳಿತ 100 ಹರ್ಟ್ಸ್. ಕೆಟ್ಟ ಎಲಿಮಿನೇಟರಿನಿಂದ ರೇಡಿಯೋದಲ್ಲಿ ಬರುತ್ತಿದ್ದ ಗುಂಯ್ ಅನ್ನುವ ಸದ್ದಿದೆಯಲ್ಲ, ಅದು ಕರೆಂಟಿನ ಶ್ರುತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ! ನಮ್ಮ ಮನೆಯಲ್ಲೂ ಅಂಥದ್ದೊಂದು ಇತ್ತು. ಅದೂ ಆಕ್ಟೇವಿಯಾದ ದೂರದ ನೆಂಟ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಎಸ್.ಪಿ. ರೋಡಿನಲ್ಲಿ ಜರ್ಮೇನಿಯಂ ಡಯೋಡು ಹುಡುಕುತ್ತಾ ಅಲೆದಾಗ.

ಈ ಮಡಚುವ ವಿಧಾನಕ್ಕೆ ಒಂದು ಗುಣ ಇದೆ. ಗುಣ ಅನ್ನಿ, ಹಟ ಅನ್ನಿ. ಒಂದೇ ಸ್ವರ ನುಡಿಸಿದರೆ ಮಾತ್ರ ಅದು ಒಲಿಯುತ್ತದೆ. ಎರಡು ಸ್ವರ ಒಟ್ಟಿಗೆ ಕೊಟ್ಟರೆ ಅವೆರಡರ ಮೊತ್ತ ಮತ್ತು ವ್ಯತ್ಯಾಸದ ಕಂಪನಗಳೂ ಹೊರಗೆ ಬರುತ್ತವೆ. 220ರ ಷಡ್ಜದ ಜೊತೆ 330ರ ಪಂಚಮ ನುಡಿಸಿ. ಮೊತ್ತ 550, ವ್ಯತ್ಯಾಸ 110. 110 ಅಂದರೆ ಮಂದ್ರ ಷಡ್ಜ, 550 ಅಂದರೆ ಮೇಲಿನ ಅಂತರ ಗಾಂಧಾರ. ಚೆನ್ನಾಗಿಯೇ ಕೇಳುತ್ತದೆ. ಈಗ ಷಡ್ಜದ ಜೊತೆ ಅಂತರ ಗಾಂಧಾರ ನುಡಿಸಿ. ತಂಬೂರಿಗೆ ಸರಿಯಾಗಿ ಹೊಂದುವ ಶುದ್ಧ ಗಾಂಧಾರವಾದರೆ 275. ವ್ಯತ್ಯಾಸ 55, ಅದೂ ಷಡ್ಜವೇ, ಎರಡು ಸ್ಥಾಯಿ ಕೆಳಗೆ. ಆದರೆ ಗಿಟಾರಿನ ಮೆಟ್ಟಿಲು ಕೊಡುವ ಗಾಂಧಾರ 275 ಅಲ್ಲ, ಸುಮಾರು 277. ಆಗ ವ್ಯತ್ಯಾಸ 57. ಅದು ಷಡ್ಜವೂ ಅಲ್ಲ, ರಿಷಭವೂ ಅಲ್ಲ, ಎಲ್ಲಿಯೂ ಸಲ್ಲದ ಒಂದು ಗೊರಗೊರ. ಸಮಶ್ರುತಿಯ ಮೆಟ್ಟಿಲುಗಳಲ್ಲಿ ಎಷ್ಟು ರಾಜಿ ಇದೆ ಅನ್ನುವುದನ್ನು ಈ ಪೆಡಲ್ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತದೆ.

ಅದಕ್ಕೇ ಬಲ್ಲವರು ಇದನ್ನು ಬಳಸುವಾಗ ಕತ್ತಿನ ಕಡೆಯ ಪಿಕಪ್ ಆರಿಸಿ, ಟೋನ್ ಗುಂಡಿಯನ್ನು ಇಳಿಸಿ, 12ನೇ ಮೆಟ್ಟಿಲಿನ ಮೇಲೆ ಒಂದೊಂದೇ ಸ್ವರ ನುಡಿಸುತ್ತಾರೆ. ಸ್ವರದಲ್ಲಿ ಬೇರೆ ಗೊಂದಲ ಕಡಿಮೆಯಾದಷ್ಟೂ ಅದರ ನೆರಳು ಸ್ಪಷ್ಟವಾಗಿ ಮೂಡುತ್ತದೆ.

*

ಈಗ ನನ್ನನ್ನು ಈ ವಿಷಯಕ್ಕೆ ಎಳೆದ ಮುಖ್ಯ ಸಂಗತಿಗೆ ಬರುತ್ತೇನೆ.

1970ರ ಜನವರಿ 1. ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್. ಹೆಂಡ್ರಿಕ್ಸ್ ಜೊತೆ ಬಾಸ್‌ನಲ್ಲಿ ಬಿಲ್ಲಿ ಕಾಕ್ಸ್, ಡ್ರಮ್ಸ್‌ನಲ್ಲಿ ಬಡ್ಡಿ ಮೈಲ್ಸ್. ನುಡಿಸಿದ್ದು 'ಮಷೀನ್ ಗನ್'. ಹನ್ನೆರಡು ನಿಮಿಷಕ್ಕೂ ಹೆಚ್ಚು. ಶುರುವಿನಲ್ಲಿ ಹೆಂಡ್ರಿಕ್ಸ್ ಇದನ್ನು ಹೋರಾಡುತ್ತಿರುವ ಎಲ್ಲ ಸೈನಿಕರಿಗೆ ಅರ್ಪಿಸುತ್ತಾನೆ. ಅವನ ಪಟ್ಟಿಯಲ್ಲಿ ಮೊದಲು ಬರುವುದು ಅಮೆರಿಕದ್ದೇ ಊರುಗಳು, ಶಿಕಾಗೋ, ಮಿಲ್ವಾಕೀ, ನ್ಯೂಯಾರ್ಕ್. ವಿಯೆಟ್ನಾಂ ಕೊನೆಗೆ.

ಡ್ರಮ್ಮು ಗುಂಡಿನ ಸುರಿಮಳೆಯ ಹಾಗೆ ಟಟಟಟ ಅನ್ನುತ್ತದೆ. ಆಮೇಲೆ ಸೋಲೋ ಶುರುವಾಗುವಾಗ ಒಂದೇ ಸ್ವರ, ಉದ್ದಕ್ಕೆ, ನಿಲ್ಲದ ಹಾಗೆ. ಮುಂದೆ ಹೋದ ಹಾಗೆ ಆಕ್ಟೇವಿಯಾ ಸೇರಿಕೊಂಡು ಸ್ವರ ಸೀಳುತ್ತದೆ. ಅದು ವಿಮಾನವೋ, ಗುಂಡೋ, ಬಿದ್ದವರ ಕೂಗೋ, ಅವರ ಮನೆಯವರ ಕೂಗೋ. ನಾನು ಎಷ್ಟು ಸಲ ಕೇಳಿದರೂ ಇಂಥದೇ ಅಂತ ಹೇಳಲು ಆಗಿಲ್ಲ. ಗಿಟಾರು ಅನ್ನುವುದಂತೂ ಮರೆತೇ ಹೋಗುತ್ತದೆ.

ನುಡಿಸುತ್ತಿದ್ದವನು ಯಾರು ಅಂತ ನೋಡಿ. ಹೆಂಡ್ರಿಕ್ಸ್ 1961ರಲ್ಲಿ ಅಮೆರಿಕದ ಸೈನ್ಯ ಸೇರಿ, 101ನೇ ಏರ್‌ಬೋರ್ನ್ ಡಿವಿಜನ್ನಿನಲ್ಲಿ ಪ್ಯಾರಾಚೂಟು ಕಟ್ಟಿಕೊಂಡು ಹಾರಿದವನು. 1962ರಲ್ಲಿ ಹೊರಬಂದ. ಪಕ್ಕದಲ್ಲಿ ಬಾಸ್ ಹಿಡಿದಿದ್ದ ಬಿಲ್ಲಿ ಕಾಕ್ಸ್ ಅವನಿಗೆ ಸಿಕ್ಕಿದ್ದೇ ಆ ಸೈನ್ಯದ ಶಿಬಿರದಲ್ಲಿ. ಇಬ್ಬರೂ ಸೈನ್ಯ ಬಿಟ್ಟು ಬಂದ ಮೇಲೆ ಅವರು ಇದ್ದ ಅದೇ ಡಿವಿಜನ್ ವಿಯೆಟ್ನಾಂಗೆ ಹೋಯಿತು. ಇನ್ನು ಕಾಲಡಿಯ ಸರ್ಕ್ಯೂಟನ್ನು ಕಲ್ಪಿಸಿದವನು ನೀರಿನಡಿಯ ಯುದ್ಧದ ಸದ್ದುಗಳನ್ನು ಅಳೆಯುತ್ತಿದ್ದವನು. ಅಂದರೆ ಯುದ್ಧ ಬೇಡ ಅನ್ನುವ ಆ ಹನ್ನೆರಡು ನಿಮಿಷದ ಸಂಗೀತ ಮೂಡಿದ್ದು ಯುದ್ಧದ ಕೆಲಸ ಕಲಿತು ಬಂದವರ ಕೈಯಿಂದ. ನೌಕಾಪಡೆಯ ಸಂಶೋಧನೆಯೇ ಪೆಡಲ್ ಆಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಬೇಡವೇ? ಆದರೆ ಸದ್ದನ್ನು ಬಿಡಿಸಿ ಕೇಳುವ ಕಿವಿ ಮೇಯರ್‌ಗೆ ಬಂದದ್ದರಲ್ಲಿ ಆ ಕೆಲಸದ ಪಾಲೂ ಇದ್ದೇ ಇರುತ್ತದೆ.

ಪೆಡಲ್ ಬಳಸುವುದು ಮೋಸ, ಯಂತ್ರ ನುಡಿಸುತ್ತದೆ, ನೀವಲ್ಲ ಅನ್ನುವ ಮಾತನ್ನು ಹಿರಿಯರಿಂದ ಬೇಕಾದಷ್ಟು ಕೇಳಿದ್ದೇನೆ. ಅವರಲ್ಲಿ ಕೆಲವರ ಮನೆಯ ಹಾರ್ಮೋನಿಯಂನಲ್ಲಿ ಕಪ್ಲರ್ ಇದೆ, ಅದು ಬೇರೆ ಮಾತು! 'ಮಷೀನ್ ಗನ್' ಕೇಳಿದ ಮೇಲೂ ಅದೇ ಮಾತು ಆಡುವುದಾದರೆ ಆಡಲಿ. ಯಂತ್ರ ಸ್ವರವನ್ನು ದುಪ್ಪಟ್ಟು ಮಾಡಬಲ್ಲದು. ಎಲ್ಲಿ ಮಾಡಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಆ ಕಛೇರಿ ಆದ ಒಂಬತ್ತು ತಿಂಗಳೊಳಗೆ, 1970ರ ಸೆಪ್ಟೆಂಬರ್ 18ರಂದು, ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡ. ಇಪ್ಪತ್ತೇಳೇ ವಯಸ್ಸು.

*

ಆಕ್ಟೇವಿಯಾ ಆ ಕಾಲದಲ್ಲಿ ಅಂಗಡಿಯಲ್ಲಿ ಸಿಗುವ ವಸ್ತುವೇ ಆಗಿರಲಿಲ್ಲ. ಆದರೆ ಅದರ ದನಿ ರೆಕಾರ್ಡುಗಳಲ್ಲಿ ಇತ್ತಲ್ಲ, ಬಯಸುವವರು ಹುಟ್ಟಿಕೊಂಡರು. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟೈಕೋಬ್ರಾಹೆ ಅನ್ನುವ ಕಂಪನಿ ಆಕ್ಟೇವಿಯಾ ಅನ್ನುವ ಹೆಸರಲ್ಲೇ ಒಂದು ಪೆಡಲ್ ಮಾಡಿ ಮಾರಿತು. ಬಹಳ ಸಂಖ್ಯೆಯಲ್ಲಿ ಬರಲಿಲ್ಲ, ಈಗ ಅದು ಸಂಗ್ರಾಹಕರ ವಸ್ತು. ಮೇಯರ್ ತನ್ನದೇ ಹೆಸರಿನಲ್ಲಿ, ರಾಕೆಟ್ ಆಕಾರದ ಡಬ್ಬಿಗಳಲ್ಲಿ, ಮಾರಲು ಶುರು ಮಾಡಿದ್ದು ಆಮೇಲೆ. ಡಾನ್ ಆರ್ಮ್‌ಸ್ಟ್ರಾಂಗ್‌ನ ಗ್ರೀನ್ ರಿಂಗರ್, ಫಾಕ್ಸ್ ಟೋನ್ ಮಷೀನ್, ಜಪಾನಿನಲ್ಲಿ ತಯಾರಾದ ಯೂನಿವಾಕ್ಸ್ ಸೂಪರ್ ಫಝ್, ಎಲ್ಲದರ ಹೊಟ್ಟೆಯೊಳಗೂ ಇರುವುದು ಅದೇ ಮಡಚುವ ಉಪಾಯ. ಅದು ಯಾರೊಬ್ಬರ ಆಸ್ತಿಯೂ ಅಲ್ಲ, ರೇಡಿಯೋ ಕಾಲದಿಂದ ಎಲ್ಲರಿಗೂ ಗೊತ್ತಿದ್ದದ್ದು. ಆದರೆ ಅದನ್ನು ಒಬ್ಬ ಗಿಟಾರಿಸ್ಟ್‌ನ ಕೈಗೆ ಕೊಟ್ಟು, ಕೇಳಿ, ತಿದ್ದಿ, ಮತ್ತೆ ಕೊಟ್ಟ ಮೇಯರ್‌ನ ಹೆಸರು ಹೆಂಡ್ರಿಕ್ಸ್ ಹೆಸರಿನಷ್ಟು ಕೇಳಿಬರುವುದಿಲ್ಲ. ಮೃದಂಗ ಮುಚ್ಚುವವರ, ವೀಣೆಗೆ ಮೇಣ ಕಟ್ಟುವವರ ಹೆಸರು ನಮ್ಮ ಕಛೇರಿಗಳಲ್ಲೂ ಕೇಳಿಬರುವುದಿಲ್ಲ ಬಿಡಿ.

*

ಇಷ್ಟು ಹೊತ್ತೂ ಮೇಲೇರುವ ಮಾತಾಯಿತು. ಕೆಳಗಿಳಿಯುವುದು ಬೇರೆಯೇ ಕತೆ.

ಅರ್ಧ ಮಾಡಲು ಎಣಿಸಬೇಕು. ಒಂದು ಸ್ವಿಚ್ಚು ಇದೆ ಅನ್ನಿ, ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ತಂತಿಯ ಪ್ರತಿ ಕಂಪನವೂ ಒಂದು ಸಲ ಒತ್ತುತ್ತದೆ. ಎರಡು ಕಂಪನಕ್ಕೆ ಸ್ವಿಚ್ಚಿನ ಒಂದು ಸುತ್ತು ಮುಗಿಯುತ್ತದೆ. ಎಣಿಕೆ ಅರ್ಧವಾಯಿತು. ಎಲೆಕ್ಟ್ರಾನಿಕ್ಸಿನಲ್ಲಿ ಇದಕ್ಕೆ ಫ್ಲಿಪ್ ಫ್ಲಾಪ್ ಅನ್ನುತ್ತಾರೆ. ನಿಮ್ಮ ಕೈಯ ಕ್ವಾರ್ಟ್ಜ್ ವಾಚು ಮಾಡುವುದೂ ಇದನ್ನೇ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ 1. ಸಂಗೀತದ ಭಾಷೆಯಲ್ಲಿ ಹೇಳಿದರೆ, ಸೆಕೆಂಡಿನ ಮುಳ್ಳು ಆ ಹರಳಿಗಿಂತ ಹದಿನೈದು ಸ್ಥಾಯಿ ಕೆಳಗೆ ಹಾಡುತ್ತಿದೆ!

ಈ ಕೆಳಗಿಳಿಸುವ ವಿದ್ಯೆ ಮೊದಲು ಹೆಸರು ಮಾಡಿದ್ದರಲ್ಲಿ ಸ್ಯಾಕ್ಸೊಫೋನಿನ ಪಾಲು ದೊಡ್ಡದು. 1965ರಲ್ಲಿ ಸೆಲ್ಮರ್ ಕಂಪನಿ ವ್ಯಾರಿಟೋನ್ ಅನ್ನುವ ಸಾಧನ ತಂದಿತು. ಸ್ಯಾಕ್ಸೊಫೋನಿನೊಳಗೆ ಮೈಕು, ಕೆಳಸ್ಥಾಯಿ ಸೇರಿಸುವ ಸರ್ಕ್ಯೂಟು. ಜಾಝ್‌ನ ಎಡ್ಡಿ ಹ್ಯಾರಿಸ್, ಸಾನಿ ಸ್ಟಿಟ್ ಅದನ್ನು ನುಡಿಸಿದರು. ಊದುವ ವಾದ್ಯದಲ್ಲಿ ಒಮ್ಮೆಗೆ ಒಂದೇ ಸ್ವರವಾದ್ದರಿಂದ ಎಣಿಸುವ ಸರ್ಕ್ಯೂಟಿಗೆ ಗೊಂದಲವಿಲ್ಲ. ಗಿಟಾರಿನಲ್ಲಿ ಹಾಗಲ್ಲ. ಪಕ್ಕದ ತಂತಿ ಸ್ವಲ್ಪ ಮಿಡಿದರೂ ಲೆಕ್ಕ ತಪ್ಪುತ್ತದೆ, ಸ್ವರ ಬಿಕ್ಕಳಿಸುತ್ತದೆ.

ಎಪ್ಪತ್ತರ ದಶಕದ ಎಂಎಕ್ಸ್‌ಆರ್ ಬ್ಲೂ ಬಾಕ್ಸ್ ಸ್ವರವನ್ನು ಎರಡು ಸ್ಥಾಯಿ ಕೆಳಕ್ಕೆ ತಳ್ಳಿ, ಬಿಕ್ಕಳಿಕೆಯನ್ನೇ ತನ್ನ ದನಿ ಮಾಡಿಕೊಂಡಿತು. ಜಪಾನಿನ ಬಾಸ್ ಕಂಪನಿ 1982ರಲ್ಲಿ ಓಸಿ-2 ತಂದಿತು. ಒಂದು ಸ್ಥಾಯಿ ಕೆಳಗೆ ಒಂದು ಗುಂಡಿ, ಎರಡು ಸ್ಥಾಯಿ ಕೆಳಗೆ ಒಂದು ಗುಂಡಿ, ನೇರ ಸ್ವರಕ್ಕೆ ಒಂದು ಗುಂಡಿ. 2003ರವರೆಗೂ ಅದು ತಯಾರಾಯಿತು. ಗಿಟಾರಿನವರಿಗಿಂತ ಹೆಚ್ಚಾಗಿ ಬಾಸ್ ಗಿಟಾರಿನವರು ಅದನ್ನು ಅಪ್ಪಿಕೊಂಡರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಡಿಜಿಟಲ್ ಬಂತು. ಡಿಜಿಟೆಕ್ ವ್ಯಾಮಿ ಅನ್ನುವ ಪೆಡಲ್ಲಿನಲ್ಲಿ ಕಾಲಿಂದ ಒತ್ತುತ್ತಾ ಸ್ವರವನ್ನು ಜಾರುಬಂಡೆಯ ಹಾಗೆ ಮೇಲೆ ಕೆಳಗೆ ಎಳೆಯಬಹುದು, ಹೆಚ್ಚುಕಮ್ಮಿ ಗಮಕದ ಹಾಗೆ. 1992ರಲ್ಲಿ ರೇಜ್ ಎಗೇನ್ಸ್ಟ್ ದ ಮಷೀನ್ ತಂಡದ ಟಾಮ್ ಮೊರೆಲ್ಲೊ ಅದನ್ನು ಹಿಡಿದು 'ಕಿಲ್ಲಿಂಗ್ ಇನ್ ದ ನೇಮ್' ಹಾಡಿನ ಸೋಲೋದಲ್ಲಿ ಕೂಗಿಸಿದ.

ಆದರೆ ಆಕ್ಟೇವ್ ಪೆಡಲ್ಲಿನ ಅತಿ ದೊಡ್ಡ ವಿಜಯ ಬಂದದ್ದು 2003ರಲ್ಲಿ. ದ ವೈಟ್ ಸ್ಟ್ರೈಪ್ಸ್ ಅನ್ನುವ ತಂಡದಲ್ಲಿ ಇದ್ದದ್ದೇ ಇಬ್ಬರು. ಜ್ಯಾಕ್ ವೈಟ್ ಗಿಟಾರು, ಮೆಗ್ ವೈಟ್ ಡ್ರಮ್ಸ್. ಬಾಸ್ ನುಡಿಸುವವರೇ ಇಲ್ಲ. 'ಸೆವೆನ್ ನೇಷನ್ ಆರ್ಮಿ' ಹಾಡಿನ ಆರಂಭದ ಏಳು ಸ್ವರಗಳ ಸಾಲು ಎಲ್ಲರ ಕಿವಿಗೂ ಬಾಸ್ ಗಿಟಾರಿನ ಹಾಗೆ ಕೇಳುತ್ತದೆ. ಅದು ಬಾಸ್ ಅಲ್ಲ, ವ್ಯಾಮಿಯಲ್ಲಿ ಒಂದು ಸ್ಥಾಯಿ ಇಳಿಸಿದ ಸಾಮಾನ್ಯ ಗಿಟಾರು. 2003ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ತಂಡದ ಬೆಂಬಲಿಗರು ಮಿಲಾನಿನಲ್ಲಿ ಅದನ್ನು ಬಾಯಲ್ಲಿ ಹಾಡಿದರು. 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಇಡೀ ದೇಶ ಹಾಡಿತು. ಆಮೇಲೆ ಜಗತ್ತಿನ ಮೈದಾನಗಳೆಲ್ಲ. ತಮಾಷೆ ನೋಡಿ, ಮೈದಾನದ ಜನ ಅದನ್ನು ಹಾಡುವಾಗ ಯಾವ ಪೆಡಲ್ಲೂ ಇಲ್ಲದೆ ಗಂಡಸರು ಒಂದು ಸ್ಥಾಯಿಯಲ್ಲಿ, ಹೆಂಗಸರು ಮಕ್ಕಳು ಇನ್ನೊಂದರಲ್ಲಿ ಹಾಡುತ್ತಾರೆ.

2005ರಲ್ಲಿ ಎಲೆಕ್ಟ್ರೋ ಹಾರ್ಮೋನಿಕ್ಸ್ ಕಂಪನಿಯ ಪಾಗ್ ಬಂದ ಮೇಲೆ ಒಂದೇ ಸ್ವರ ನುಡಿಸಬೇಕು ಅನ್ನುವ ಕಟ್ಟುಪಾಡೂ ಸಡಿಲಾಯಿತು. ಪೂರ್ತಿ ಕಾರ್ಡ್ ನುಡಿಸಿದರೂ ಪ್ರತಿ ಸ್ವರಕ್ಕೂ ಮೇಲು ಕೆಳಗಿನ ಜೊತೆಗಾರರು ಶುದ್ಧವಾಗಿ ಬರುತ್ತಾರೆ. ಗಿಟಾರು ಚರ್ಚಿನ ಆರ್ಗನ್ ಆಗುತ್ತದೆ. ಆದರೂ ನಿಸರ್ಗದ ಒಂದು ಲೆಕ್ಕವನ್ನು ಯಾರೂ ದಾಟಲಾಗದು. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅಂದರೆ ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಆ ಒಂದು ಸುತ್ತಾದರೂ ಮುಗಿಯದೆ ಇದು ಯಾವ ಸ್ವರ ಅಂತ ಯಂತ್ರಕ್ಕೆ ತಿಳಿಯುವುದು ಕಷ್ಟ. ಹಾಗಾಗಿ ಕೆಳಗಿನ ತಂತಿಗಳಲ್ಲಿ ನೆರಳು ಒಂದು ಹೆಜ್ಜೆ ತಡವಾಗಿ ಬರುವುದನ್ನು ಸೂಕ್ಷ್ಮ ಬೆರಳುಗಳು ಈಗಲೂ ಗುರುತಿಸುತ್ತವೆ. ಮೇಯರ್‌ನ ಹಳೆಯ ಡಯೋಡಿಗೆ ಆ ಕಾಯುವ ಕೆಲಸವೇ ಇರಲಿಲ್ಲ. ಅದು ಏನನ್ನೂ ಗುರುತಿಸುತ್ತಿರಲಿಲ್ಲ, ಬಂದದ್ದನ್ನು ಮಡಚುತ್ತಿತ್ತು ಅಷ್ಟೇ.

ಹೊಸದಾಗಿ ಕೊಳ್ಳುವವರಿಗೆ ನನ್ನದೊಂದು ಕಿವಿಮಾತು. ಕೆಳಸ್ಥಾಯಿಯ ಪೆಡಲ್ಲನ್ನು ಗಿಟಾರಿಗೆ ಹತ್ತಿರದಲ್ಲೇ, ಫಝ್‌ಗಿಂತ ಮೊದಲೇ ಇಡಿ. ಶುದ್ಧ ಸ್ವರ ಸಿಕ್ಕಿದರೆ ಅದು ಕಡಿಮೆ ಬಿಕ್ಕಳಿಸುತ್ತದೆ. ಬೇಡದ ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿಯುವುದನ್ನು ಕಲಿಯಿರಿ. ಯಾವ ದುಬಾರಿ ಡಬ್ಬಿಯೂ ಅದನ್ನು ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಕೊಳ್ಳುವ ಯೋಚನೆ ಇಲ್ಲದವರು ಒಂದು ಸಂಜೆ ಬಿಡುವು ಮಾಡಿಕೊಂಡು ಮೂರು ಹಾಡು ಕೇಳಿ: 'ಪರ್ಪಲ್ ಹೇಝ್', 'ಸೆವೆನ್ ನೇಷನ್ ಆರ್ಮಿ', ಕೊನೆಗೆ ಫಿಲ್‌ಮೋರ್ ಈಸ್ಟ್‌ನ 'ಮಷೀನ್ ಗನ್'. ಕೊನೆಯದನ್ನು ಮಾತ್ರ ಬೇರೆ ಕೆಲಸ ಮಾಡುತ್ತಾ ಕೇಳಬೇಡಿ, ದಯವಿಟ್ಟು. ಕೇಳಿ ಆದ ಮೇಲೆ ನಿಮಗೆ ಅದು ಯಾರ ಕೂಗು ಅನ್ನಿಸಿತು ಅಂತ ನನಗೂ ತಿಳಿಸಿ.